ಕೊಕ್ಕರೆ ಬೆಳ್ಳೂರು: ಹಕ್ಕಿಗೆ ಹುಣಸೆ ಮರ ಬಿಟ್ಟುಕೊಟ್ಟವರ ಲೆಕ್ಕ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಹಣ್ಣಾಗುವ ಕಾಲವೂ ಹೆಜ್ಜಾರ್ಲೆ ಮರಿ ಮಾಡುವ ಕಾಲವೂ ಒಂದೇ. ಚಳಿಗಾಲ ಮುಗಿದು ಬೇಸಿಗೆ ಕಾಲಿಡುವ ಆ ತಿಂಗಳುಗಳಲ್ಲಿ ಮರದ ಒಡೆಯನ ಮುಂದೆ ಎರಡೇ ದಾರಿಗಳಿರುತ್ತವೆ. ಕೊಂಬೆ ಬಡಿದು ಹಣ್ಣು ಉದುರಿಸಿಕೊಳ್ಳಬೇಕು, ಇಲ್ಲವೇ ಕೊಂಬೆಯ ಮೇಲಿನ ಗೂಡುಗಳನ್ನು ಉಳಿಯಗೊಡಬೇಕು. ಹಲವು ತಲೆಮಾರುಗಳಿಂದ ಈ ಊರಿನವರು ಎರಡನೆಯ ದಾರಿಯನ್ನೇ ಹಿಡಿದು ಬಂದಿದ್ದಾರೆ.

ಪಕ್ಷಿಪ್ರೇಮ ಎಂಬ ಮಾತು ನಗರಗಳಲ್ಲಿ ಹಿಂದೆಂದಿಗಿಂತಲೂ ಹೆಚ್ಚಾಗಿ ಕೇಳಿಬರುತ್ತಿದೆ. ವಾರಾಂತ್ಯದಲ್ಲಿ ದುರ್ಬೀನು, ಕ್ಯಾಮೆರಾ ಹಿಡಿದು ಕೆರೆಯಂಗಳಕ್ಕೆ ಹೊರಡುವವರ ಸಂಖ್ಯೆ ಬೆಳೆದಿರುವುದು ಸಂತಸದ ಸಂಗತಿಯೇ ಸರಿ. ಆದರೆ ನಾವು ನೋಡಿ ಸಂತೋಷಪಡುವ ಹಕ್ಕಿಗೆ ನೆಲೆ ಕೊಟ್ಟವರು ಯಾರು, ಅದಕ್ಕಾಗಿ ಅವರು ಕಳೆದುಕೊಳ್ಳುವುದೇನು ಎಂಬ ಪ್ರಶ್ನೆ ಅಪರೂಪಕ್ಕೆ ಮಾತ್ರ ಏಳುತ್ತದೆ. ಈ ಪ್ರಶ್ನೆಗೆ ಉತ್ತರ ಅರಿಯಲು ಕೊಕ್ಕರೆ ಬೆಳ್ಳೂರಿಗಿಂತ ಉತ್ತಮ ಉದಾಹರಣೆ ರಾಜ್ಯದಲ್ಲಿ ಸಿಗಲಾರದು.

ಊರ ನಡುವೆಯೇ ಗೂಡು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿ ಸಾಗಿದರೆ, ಶಿಂಷಾ ನದಿಗೆ ಸಮೀಪದಲ್ಲಿ ಈ ಗ್ರಾಮವಿದೆ. ರಂಗನತಿಟ್ಟಿನಲ್ಲಿ ಹಕ್ಕಿಗಳಿಗೆ ನಡುಗಡ್ಡೆಗಳಿವೆ, ಅವುಗಳ ಸುತ್ತ ಕಾವೇರಿಯ ನೀರಿನ ಕಾವಲಿದೆ. ಇಲ್ಲಿ ಅಂತಹ ಯಾವ ತಡೆಯೂ ಇಲ್ಲ. ಮನೆಯ ಹಿತ್ತಲು, ರಸ್ತೆಯ ಅಂಚು, ಹೊಲದ ಬದು ಮುಂತಾದ ಕಡೆ ನಿಂತಿರುವ ಹುಣಸೆ, ಅರಳಿ, ಅತ್ತಿ ಮರಗಳೇ ಹಕ್ಕಿಗಳ ಹೆರಿಗೆಮನೆ. ಕೆಳಗೆ ದನ ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ, ಮೇಲೆ ಹಕ್ಕಿಗಳು ತಮ್ಮ ಪಾಡಿಗೆ ತಾವು ಸಂಸಾರ ಹೂಡಿರುತ್ತವೆ.

ಇಲ್ಲಿಗೆ ಬರುವ ಹಕ್ಕಿಗಳಲ್ಲಿ ಮುಖ್ಯವಾದವು ಎರಡು. ಊರಿಗೆ ಹೆಸರು ತಂದುಕೊಟ್ಟದ್ದು ಹಳದಿ ಕೊಕ್ಕಿನ, ಬಾಲದ ಬಳಿ ಗುಲಾಬಿ ಗರಿಗಳಿರುವ ಬಣ್ಣದ ಕೊಕ್ಕರೆ. ಇನ್ನೊಂದು ಹೆಜ್ಜಾರ್ಲೆ, ಅಂದರೆ ಚುಕ್ಕೆ ಕೊಕ್ಕಿನ ಪೆಲಿಕನ್. ನಾಲ್ಕರಿಂದ ಆರು ಕಿಲೋ ತೂಗುವ ಈ ದೊಡ್ಡ ಹಕ್ಕಿಯ ಕೊಕ್ಕಿನ ಕೆಳಗೆ ಚರ್ಮದ ಚೀಲವೊಂದು ಇರುತ್ತದೆ. ನೀರಿನಲ್ಲಿ ಅದನ್ನು ಬಲೆಯಂತೆ ಅಗಲಿಸಿ ಮೀನನ್ನು ಬಾಚಿಕೊಳ್ಳುವುದು, ಬಳಿಕ ನೀರನ್ನು ಹೊರಚೆಲ್ಲಿ ಮೀನನ್ನು ನುಂಗುವುದು ಅದರ ಕ್ರಮ.

ಮಳೆಗಾಲ ಕಳೆದು ಕೆರೆಗಳಲ್ಲಿ ನೀರು ನಿಂತ ಮೇಲೆ ಹೆಜ್ಜಾರ್ಲೆಗಳು ಊರಿಗೆ ಬರತೊಡಗುತ್ತವೆ. ಒಣಕಡ್ಡಿಗಳಿಂದ ಗೂಡು ಕಟ್ಟಿ ಸಾಮಾನ್ಯವಾಗಿ ಎರಡು ಅಥವಾ ಮೂರು ಮೊಟ್ಟೆಗಳನ್ನಿಡುತ್ತವೆ. ಸುಮಾರು ಒಂದು ತಿಂಗಳು ಕಾವು ಕೊಟ್ಟ ಬಳಿಕ ಮರಿಗಳು ಹೊರಬರುತ್ತವೆ. ಅವು ಹಾರಲು ಕಲಿಯಲು ಮತ್ತೆ ಮೂರು ತಿಂಗಳಿಗೂ ಹೆಚ್ಚು ಕಾಲ ಬೇಕು. ಬೇಸಿಗೆ ಮುಗಿಯುವ ವೇಳೆಗೆ ಮರಗಳು ಬರಿದಾಗುತ್ತವೆ. ಹೀಗೆ ವರ್ಷದ ಅರ್ಧದಷ್ಟು ಕಾಲ ಈ ಊರಿನ ಹಲವು ಮರಗಳು ಹಕ್ಕಿಗಳ ಸ್ವಾಧೀನದಲ್ಲಿರುತ್ತವೆ.

ಊರಿನೊಡನೆ ಬಂದ ಹಕ್ಕಿ

ಗ್ರಾಮದ ಹಿರಿಯರು ಹೇಳುವ ಪ್ರಕಾರ ಊರು ಮೊದಲು ಶಿಂಷಾ ನದಿಯ ದಡದಲ್ಲೇ ಇತ್ತು. ಸುಮಾರು ನೂರು ವರ್ಷಗಳ ಹಿಂದೆ ಪ್ಲೇಗ್ ಹಬ್ಬಿದಾಗ ಜನರು ಅಲ್ಲಿಂದ ಎದ್ದು ಈಗಿನ ಸ್ಥಳಕ್ಕೆ ಬಂದರು, ಹಕ್ಕಿಗಳೂ ಅವರ ಹಿಂದೆಯೇ ಬಂದವು. ಹಕ್ಕಿ ಬಂದರೆ ಊರಿಗೆ ಮಳೆ, ಬೆಳೆ ಎಂಬ ನಂಬಿಕೆ ಇಲ್ಲಿ ಬೇರೂರಿದೆ. ಬಾಣಂತನಕ್ಕೆ ತವರಿಗೆ ಬರುವ ಮಗಳಂತೆ ಅವುಗಳನ್ನು ಕಾಣುವ ಮಾತೂ ರೂಢಿಯಲ್ಲಿದೆ.

ಹೊರಜಗತ್ತಿಗೆ ಈ ನೆಲೆಯ ಪರಿಚಯ ಮಾಡಿಕೊಟ್ಟವರು ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ. ಮುಂದೆ ಬೆಂಗಳೂರಿನ ರಸ್ತೆಗಳಲ್ಲಿ ಲಕ್ಷಾಂತರ ಸಸಿಗಳನ್ನು ನೆಡಿಸಿ ಹೆಸರಾದ ಅವರು, 1970ರ ದಶಕದ ಮಧ್ಯಭಾಗದಲ್ಲಿ ಇಲ್ಲಿನ ಹೆಜ್ಜಾರ್ಲೆ ನೆಲೆಯನ್ನು ಗುರುತಿಸಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಬರೆದರು. ಇಲಾಖೆ ಕಾಲಿಡುವ ಎಷ್ಟೋ ಮೊದಲೇ ಇಲ್ಲಿ ರಕ್ಷಣೆ ನಡೆಯುತ್ತಿತ್ತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಂಬಿಕೆಯ ಬೆನ್ನಿಗೆ ಗೊಬ್ಬರ

ಕೇವಲ ಭಕ್ತಿಭಾವದಿಂದ ಈ ನಂಟು ಇಷ್ಟು ಕಾಲ ಉಳಿಯಿತು ಎಂದು ಹೇಳಿದರೆ ಅರ್ಧ ಸತ್ಯವಾದೀತು. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕಗಳು ಹೇರಳವಾಗಿರುತ್ತವೆ. ಇದನ್ನರಿತ ರೈತರು ಮರಗಳ ಕೆಳಗೆ ಗುಂಡಿ ತೋಡಿ, ಕೆರೆಗೋಡು ತುಂಬಿಸಿ, ಮೇಲಿನಿಂದ ಬೀಳುವ ಹಿಕ್ಕೆ ಅದರಲ್ಲಿ ಬೆರೆಯುವಂತೆ ಮಾಡುತ್ತಿದ್ದರು. ಹಕ್ಕಿಗಳು ಮರಳಿದ ಬಳಿಕ ಆ ಮಣ್ಣು ಗೊಬ್ಬರವಾಗಿ ಹೊಲ, ಗದ್ದೆ ಸೇರುತ್ತಿತ್ತು. ಹಣ್ಣು ಬಿಟ್ಟುಕೊಟ್ಟ ರೈತನಿಗೆ ದೊರೆಯುತ್ತಿದ್ದ ಪ್ರತಿಫಲವದು.

ಇಂತಹ ಒಡಂಬಡಿಕೆ ಕನ್ನಡ ನಾಡಿನಲ್ಲಷ್ಟೇ ಇರುವುದಲ್ಲ. ತಮಿಳುನಾಡಿನ ವೇಡಂತಾಂಗಲ್ ಕೆರೆಯ ಹಕ್ಕಿಗಳನ್ನು ಬ್ರಿಟಿಷ್ ಸಿಪಾಯಿಗಳು ಗುಂಡಿಟ್ಟು ಕೊಲ್ಲುತ್ತಿದ್ದಾಗ ಸುತ್ತಲಿನ ಗ್ರಾಮಸ್ಥರು ದೂರು ಕೊಟ್ಟು, 18ನೇ ಶತಮಾನದ ಕೊನೆಯಲ್ಲಿ ಜಿಲ್ಲಾ ಕಲೆಕ್ಟರರಿಂದ ರಕ್ಷಣೆಯ ಆದೇಶ ಪಡೆದಿದ್ದರು. ಹಕ್ಕಿಯ ಹಿಕ್ಕೆ ಬೆರೆತ ಕೆರೆಯ ನೀರು ಬೆಳೆಗೆ ಒಳ್ಳೆಯದೆಂಬುದು ಅವರಿಗೂ ತಿಳಿದಿತ್ತು. ಹಕ್ಕಿಯಿಂದ ಜನರಿಗೆ ಉಪಯೋಗವಿದ್ದ ಕಡೆಗಳಲ್ಲಿ ರಕ್ಷಣೆಗೆ ಕಾವಲುಗಾರರು ಬೇಕಾಗಲಿಲ್ಲ.

ರಾಸಾಯನಿಕ ಗೊಬ್ಬರ ಅಂಗಡಿಯಲ್ಲೇ ಸಿಗುವಂತಾದ ಮೇಲೆ ಈ ಲೆಕ್ಕಾಚಾರ ಬದಲಾಯಿತು. ಹಿಕ್ಕೆಯ ಬೆಲೆ ಇಳಿಯಿತು. ಅದರ ವಾಸನೆ, ಮನೆಯಂಗಳದ ಗಲೀಜು, ಮೇಲಿನಿಂದ ಬೀಳುವ ಕೊಳೆತ ಮೀನು ಮಾತ್ರ ಹಾಗೆಯೇ ಉಳಿದವು. ಹುಣಸೆ ಮರವೂ ಬಡ ಕುಟುಂಬದ ಪಾಲಿಗೆ ಸಣ್ಣ ಆಸ್ತಿಯಲ್ಲ. ಮನೆ ಕಟ್ಟಲು ಜಾಗ ಬೇಕಾದಾಗ, ಮಗಳ ಮದುವೆಗೆ ಹಣ ಬೇಕಾದಾಗ, ಮರದ ವ್ಯಾಪಾರಿ ಕೊಡುವ ಬೆಲೆ ಯಾವ ರೈತನನ್ನಾದರೂ ಯೋಚಿಸುವಂತೆ ಮಾಡುತ್ತದೆ.

ಪರಿಹಾರ ಮತ್ತು ಅದರ ಮಿತಿ

ಈ ನಷ್ಟವನ್ನು ಒಂದಿಷ್ಟು ತುಂಬಿಕೊಡುವ ಉದ್ದೇಶದಿಂದ ಅರಣ್ಯ ಇಲಾಖೆ ಗೂಡುಗಳಿರುವ ಮರಗಳ ಮಾಲೀಕರಿಗೆ ಹಣ ಕೊಡುವ ಪದ್ಧತಿಯನ್ನು ಆರಂಭಿಸಿತು. ಮರ ರೈತನದೇ, ನೆಲವೂ ಅವನದೇ, ಹಕ್ಕಿ ಮಾತ್ರ ಎಲ್ಲರದು ಎಂಬುದನ್ನು ಸರ್ಕಾರ ಒಪ್ಪಿಕೊಂಡ ಕ್ರಮವಿದು. ವನ್ಯಜೀವಿಗಳ ವಿಷಯದಲ್ಲಿ ಪರಿಹಾರವೆಂದರೆ ಹಾನಿಯಾದ ನಂತರ ಕೊಡುವ ಹಣವೆಂದೇ ನಮ್ಮಲ್ಲಿ ರೂಢಿ. ಆನೆ ಬೆಳೆ ತಿಂದರೆ, ಚಿರತೆ ಕುರಿ ಹೊತ್ತೊಯ್ದರೆ ರೈತ ಅರ್ಜಿ ಬರೆಯುತ್ತಾನೆ. ಇಲ್ಲಿ ಹಾಗಲ್ಲ. ಹಕ್ಕಿಗೆ ಜಾಗ ಕೊಟ್ಟದ್ದಕ್ಕಾಗಿಯೇ ಹಣ ಸಂದಾಯವಾಗುತ್ತದೆ.

ಆದರೆ ಈ ಮೊತ್ತ ಹಣ್ಣಿನ ಮಾರುಕಟ್ಟೆ ದರಕ್ಕೆ ಸರಿದೂಗಬೇಕು, ಸಕಾಲದಲ್ಲಿ ಕೈಸೇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಮರ ಉಳಿಸಿಕೊಳ್ಳುವುದು ರೈತನಿಗೆ ಭಾರವೇ ಆಗುತ್ತದೆ. ಹೆಜ್ಜಾರ್ಲೆ ಗೂಡು ಕಟ್ಟುವಷ್ಟು ಎತ್ತರಕ್ಕೆ, ಅಗಲಕ್ಕೆ ಹುಣಸೆ ಮರವೊಂದು ಬೆಳೆಯಲು ಹಲವು ದಶಕಗಳು ಬೇಕು. ಇಂದು ಕಡಿದ ಮರದ ಜಾಗದಲ್ಲಿ ನಾಳೆ ಸಸಿ ನೆಟ್ಟರೂ ಅದು ಹಕ್ಕಿಗೆ ಒದಗುವುದು ಮುಂದಿನ ತಲೆಮಾರಿನ ಕಾಲಕ್ಕೆ.

ಬಿದ್ದ ಮರಿಗೆ ಆಸರೆ

1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಘಟನೆಯ ಕೆ. ಮನು ಮತ್ತು ಸಂಗಡಿಗರು ಇಲ್ಲಿ ಕೆಲಸ ಆರಂಭಿಸಿದರು. ಅವರ ಒಡನಾಟದಲ್ಲಿ ಗ್ರಾಮದ ಯುವಕರು ಸೇರಿ ಕಟ್ಟಿಕೊಂಡದ್ದೇ 'ಹೆಜ್ಜಾರ್ಲೆ ಬಳಗ'. ಗೂಡು ಇಕ್ಕಟ್ಟಾದಾಗ, ಗಾಳಿ ಬೀಸಿದಾಗ ಹಾರಲು ಬಾರದ ಮರಿಗಳು ನೆಲಕ್ಕುರುಳುವುದು ಸಾಮಾನ್ಯ. ತಾಯಿಹಕ್ಕಿ ಕೆಳಗಿಳಿದು ಅವುಗಳಿಗೆ ಉಣಿಸುವುದಿಲ್ಲ. ಹಾಗೆಯೇ ಬಿಟ್ಟರೆ ನಾಯಿಯ ಬಾಯಿಗೆ ಬೀಳುವುದು ಖಚಿತ. ಬಳಗದವರು ಇಂತಹ ಮರಿಗಳನ್ನು ಆವರಣವೊಂದರಲ್ಲಿಟ್ಟು, ಮೀನು ತಂದು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸವನ್ನು ರೂಢಿಸಿದರು. ಹೊಟ್ಟೆಬಾಕ ಮರಿಗಳಿಗೆ ದಿನವೂ ಮೀನು ಹೊಂದಿಸುವುದು ಖರ್ಚಿನ ಬಾಬತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಾನೂನಿನ ಬೆಂಬಲ

ಹಕ್ಕಿಗಳಿವೆ ಎಂಬ ಕಾರಣಕ್ಕೆ ಇಡೀ ಊರನ್ನು ಅಭಯಾರಣ್ಯವೆಂದು ಘೋಷಿಸಿದ್ದರೆ ಜನರ ಬದುಕಿಗೇ ಸಂಚಕಾರ ಬರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿ ಇದಕ್ಕೊಂದು ನಡುದಾರಿಯನ್ನು ತೋರಿಸಿತು. ಖಾಸಗಿ ಅಥವಾ ಸಮುದಾಯದ ನೆಲದಲ್ಲಿ ಜನರೇ ಸ್ವಇಚ್ಛೆಯಿಂದ ವನ್ಯಜೀವಿಗಳನ್ನು ಕಾಪಾಡುತ್ತಿದ್ದರೆ ಅದನ್ನು 'ಸಮುದಾಯ ಮೀಸಲು ಪ್ರದೇಶ'ವೆಂದು ಘೋಷಿಸಲು ಅದು ಅವಕಾಶ ನೀಡಿತು. ಇದರಡಿ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು.

ಈ ವ್ಯವಸ್ಥೆಯಲ್ಲಿ ಭೂಮಿಯ ಒಡೆತನ ಜನರಲ್ಲೇ ಉಳಿಯುತ್ತದೆ. ಗ್ರಾಮದ ಪ್ರತಿನಿಧಿಗಳೂ ಅರಣ್ಯ ಇಲಾಖೆಯವರೂ ಇರುವ ಸಮಿತಿ ನಿರ್ವಹಣೆಯನ್ನು ನೋಡಿಕೊಳ್ಳುತ್ತದೆ. ಭೂಬಳಕೆಯಲ್ಲಿ ಬದಲಾವಣೆ ಆಗಬೇಕಾದರೆ ಸಮಿತಿಯ ನಿರ್ಣಯ ಮತ್ತು ರಾಜ್ಯ ಸರ್ಕಾರದ ಒಪ್ಪಿಗೆ ಅಗತ್ಯ. ಜನರನ್ನು ಒಕ್ಕಲೆಬ್ಬಿಸದೆ ಹಕ್ಕಿಯನ್ನು ಉಳಿಸುವುದು ಇದರ ಆಶಯ.

ಕಂಟಕ ಬಂದದ್ದು ಕೆರೆಯಿಂದ

ಊರಿನವರು ಮರ ಕಾಯಬಲ್ಲರು, ಮರಿ ಸಾಕಬಲ್ಲರು. ಆದರೆ ಹಕ್ಕಿ ಉಣ್ಣುವುದು ಊರಾಚೆಯ ಕೆರೆಗಳಲ್ಲಿ. ತೈಲೂರು ಕೆರೆ, ಸೂಳೆಕೆರೆ, ಮದ್ದೂರು ಕೆರೆಗಳೂ ಶಿಂಷಾ ನದಿಯೂ ಹೆಜ್ಜಾರ್ಲೆಗಳ ಅಡುಗೆಮನೆ. ಕೆರೆ ಬತ್ತಿದ ವರ್ಷ, ನೀರು ಕೆಟ್ಟ ವರ್ಷ ಗ್ರಾಮಸ್ಥರ ಆರೈಕೆಗೆ ಫಲವಿರುವುದಿಲ್ಲ.

ಇದು ಕಣ್ಣಿಗೆ ರಾಚುವಂತೆ ಗೋಚರಿಸಿದ್ದು 2017ರ ಕೊನೆಯಲ್ಲಿ. ಗ್ರಾಮದಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದರಂತೆ ನೆಲಕ್ಕುರುಳತೊಡಗಿದವು. 2018ರ ಆರಂಭದ ತಿಂಗಳುಗಳಲ್ಲೂ ಸಾವು ಮುಂದುವರಿಯಿತು. ಸತ್ತ ಹಕ್ಕಿಗಳ ಪರೀಕ್ಷೆ ನಡೆಸಿದಾಗ ಜಂತುಹುಳುಗಳ ಬಾಧೆ ಕಂಡುಬಂದಿತು. ಇಂತಹ ಹುಳುಗಳು ಹಕ್ಕಿಯ ಹೊಟ್ಟೆ ಸೇರುವುದು ಅದು ತಿನ್ನುವ ಮೀನಿನ ಮೂಲಕ. ಹಾಗಾಗಿ ಹಕ್ಕಿಯ ಆರೋಗ್ಯವೆಂದರೆ ಕೆರೆಯ ಆರೋಗ್ಯವೂ ಹೌದು ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಹಕ್ಕಿಗಳ ಹಾರಾಟದ ಹಾದಿಗೆ ಅಡ್ಡಲಾಗಿರುವ ವಿದ್ಯುತ್ ತಂತಿಗಳು ಇನ್ನೊಂದು ಅಪಾಯ. ಅಗಲ ರೆಕ್ಕೆಯ ಈ ಹಕ್ಕಿ ಥಟ್ಟನೆ ದಿಕ್ಕು ಬದಲಿಸಲಾರದು.

ಸಂಖ್ಯೆ ದೊಡ್ಡದಿದೆ ಎಂಬ ಕಾರಣಕ್ಕೆ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಬರ್ಮಾದ ಸಿಟ್ಟಾಂಗ್ ನದಿ ಬಯಲಿನಲ್ಲಿ 1877ರಲ್ಲಿ ಇದೇ ಜಾತಿಯ ಹೆಜ್ಜಾರ್ಲೆಗಳ ಅಪಾರ ನೆಲೆಯನ್ನು ಪಕ್ಷಿತಜ್ಞ ಯೂಜಿನ್ ಓಟ್ಸ್ ಕಂಡಿದ್ದರು. 20ನೇ ಶತಮಾನದ ಮಧ್ಯಭಾಗದ ಹೊತ್ತಿಗೆ ಆ ನೆಲೆ ಪೂರ್ತಿಯಾಗಿ ಅಳಿದುಹೋಗಿತ್ತು.

ನಗರದವರು ಮಾಡಬಹುದಾದದ್ದು

ಹಾಗಾದರೆ ದೂರದಿಂದ ನೋಡಲು ಹೋಗುವವರ ಹೊಣೆ ಏನು? ಮೊದಲನೆಯದು ನಡವಳಿಕೆಗೆ ಸಂಬಂಧಿಸಿದ್ದು. ಕೊಕ್ಕರೆ ಬೆಳ್ಳೂರು ಮೃಗಾಲಯವಲ್ಲ, ಜನ ವಾಸಿಸುವ ಊರು. ಚಿತ್ರ ತೆಗೆಯಲು ಯಾರದೋ ಹಿತ್ತಲಿಗೆ ನುಗ್ಗುವ ಮುನ್ನ ಮನೆಯವರ ಅನುಮತಿ ಕೇಳುವುದು ಸೌಜನ್ಯ. ಗೂಡಿನ ಹತ್ತಿರ ಡ್ರೋನ್ ಹಾರಿಸುವುದು, ಹಕ್ಕಿ ಎದ್ದು ಹಾರಲಿ ಎಂದು ಚಪ್ಪಾಳೆ ತಟ್ಟುವುದು, ಪಟಾಕಿ ಸಿಡಿಸುವುದು ಅಪರಾಧಕ್ಕೆ ಸಮ. ಬೆದರಿದ ತಾಯಿ ಗೂಡು ಬಿಟ್ಟೆದ್ದರೆ ಮೊಟ್ಟೆ, ಎಳೆಮರಿಗಳು ಸುಡುಬಿಸಿಲಿಗೆ ಒಡ್ಡಿಕೊಳ್ಳುತ್ತವೆ. ಕಾಗೆ, ಹದ್ದುಗಳಿಗೂ ಅದೇ ಸಮಯ.

ಎರಡನೆಯದು ಹಣದ ವಿಷಯ. ಬೆಳಿಗ್ಗೆ ಕಾರಿನಲ್ಲಿ ಬಂದು, ತಂದ ಬುತ್ತಿ ಉಂಡು, ಪ್ಲಾಸ್ಟಿಕ್ ಬಿಸಾಡಿ ಮಧ್ಯಾಹ್ನ ಮರಳುವ ಪ್ರವಾಸಿಯಿಂದ ಹಳ್ಳಿಗೆ ದಕ್ಕುವುದು ಕಸ ಮಾತ್ರ. ಊಟ, ಎಳನೀರು, ಬೆಲ್ಲ, ಹುಣಸೆಹಣ್ಣು ಯಾವುದಾದರೂ ಸರಿ, ಅಲ್ಲಿನವರಿಂದಲೇ ಕೊಂಡರೆ ಹಕ್ಕಿಯ ದೆಸೆಯಿಂದ ನಾಲ್ಕು ಕಾಸು ಊರಿಗೆ ಸೇರುತ್ತದೆ. ಮರ ಉಳಿಸುವ ಮನಸ್ಸಿಗೆ ಇದೂ ಒಂದು ಬಲ.

ಮೂರನೆಯದು ನಮ್ಮ ಊರುಗಳಲ್ಲೇ ಆಗಬೇಕಾದ ಕೆಲಸ. ಹೆಜ್ಜಾರ್ಲೆ ಒಂದು ಊರಿನ ಸ್ವತ್ತಲ್ಲ. ಬೆಂಗಳೂರು, ಮೈಸೂರಿನ ಕೆರೆಗಳಲ್ಲೂ ಅದು ಮೀನು ಹಿಡಿಯುವುದನ್ನು ಕಾಣಬಹುದು. ಆ ಕೆರೆಗಳಿಗೆ ಚರಂಡಿ ನೀರು ಹರಿಯದಂತೆ ನೋಡಿಕೊಳ್ಳುವುದು, ದಡದ ದೊಡ್ಡ ಮರ ಕಡಿಯಲು ಹೊರಟಾಗ ಪ್ರಶ್ನಿಸುವುದು ನಾಗರಿಕರ ಕೈಯಲ್ಲೇ ಇದೆ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾ ನೀರುಹಕ್ಕಿ ಗಣತಿಯಲ್ಲಿ ಹವ್ಯಾಸಿಗಳೂ ಪಾಲ್ಗೊಳ್ಳಬಹುದು. ಯಾವ ಕೆರೆಯಲ್ಲಿ ಎಷ್ಟು ಹಕ್ಕಿ ಎಂಬ ಲೆಕ್ಕ ವರ್ಷವರ್ಷವೂ ಸಿಕ್ಕಾಗಲೇ ಎಲ್ಲಿ ಕಡಿಮೆಯಾಗುತ್ತಿದೆ ಎಂಬುದು ತಿಳಿಯುತ್ತದೆ. ಗಾಯಗೊಂಡ ಹಕ್ಕಿ ಕಂಡರೆ ಮನೆಗೆ ಒಯ್ದು ಸಾಕಲು ಯತ್ನಿಸದೆ ಅರಣ್ಯ ಇಲಾಖೆಗೆ ಅಥವಾ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ತಿಳಿಸುವುದು ಸರಿಯಾದ ಕ್ರಮ.

ಇವೆಲ್ಲಕ್ಕಿಂತ ಮುಖ್ಯವಾಗಿ, ಮರದ ಮಾಲೀಕರಿಗೆ ಸಲ್ಲುವ ಹಣ ಕಾಲಕಾಲಕ್ಕೆ ಪರಿಷ್ಕರಣೆಗೊಂಡು ತಡವಿಲ್ಲದೆ ತಲುಪಬೇಕೆಂಬ ಬೇಡಿಕೆಯನ್ನು ಹಳ್ಳಿಯವರಷ್ಟೇ ಅಲ್ಲ, ಹಕ್ಕಿ ನೋಡಲು ಹೋಗುವವರೂ ಸರ್ಕಾರದ ಮುಂದಿಡಬೇಕಾಗಿದೆ. ಒಂದು ಹುಣಸೆ ಮರದ ಫಸಲಿನ ಬೆಲೆ ರಾಜ್ಯದ ಬೊಕ್ಕಸಕ್ಕೆ ಲೆಕ್ಕಕ್ಕೆ ಬಾರದ ಮೊತ್ತ. ಆ ಮರವನ್ನೇ ನೆಚ್ಚಿಕೊಂಡ ಕುಟುಂಬಕ್ಕೆ ಅದು ವರ್ಷದ ಆದಾಯದ ಒಂದು ಪಾಲು.