ಉಡುಗೆಯ ಅಳತೆಗೋಲು

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬುದು ನಮ್ಮ ಹಿರಿಯರ ಮಾತು. ಪರರ ಆ ಇಚ್ಛೆಯೇ ರಾಜಾಜ್ಞೆಯಾದರೆ ಏನಾಗುತ್ತದೆ ಎಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ತಿರುವಾಂಕೂರು ಸಾಕ್ಷಿ.

ಬ್ರಿಟಿಷರ ಅಧೀನದಲ್ಲಿದ್ದ ಆ ಸಂಸ್ಥಾನದಲ್ಲಿ ನಾಡಾರ್ ಮೊದಲಾದ ಜಾತಿಗಳ ಸ್ತ್ರೀಯರು ಮೇಲ್ಜಾತಿಯವರೆದುರು ಎದೆ ಮುಚ್ಚುವಂತಿರಲಿಲ್ಲ. ಪ್ರೊಟೆಸ್ಟಂಟ್ ಮಿಷನರಿಗಳಿಂದ ಕ್ರೈಸ್ತರಾದ ನಾಡಾರ್ ಸ್ತ್ರೀಯರು ಕುಪ್ಪಸ ತೊಟ್ಟರು, ಮೇಲುವಸ್ತ್ರವನ್ನೂ ಹೊದ್ದರು. 1829ರ ರಾಜಾಜ್ಞೆ ಕುಪ್ಪಸಕ್ಕೆ ಒಪ್ಪಿ, ಮೇಲುವಸ್ತ್ರವನ್ನು ನಿಷೇಧಿಸಿತು. ಪ್ರಶ್ನೆ ಮಾನದ್ದಲ್ಲ, ಸ್ಥಾನದ್ದು ಎಂಬುದು ಇದರಿಂದಲೇ ಸ್ಪಷ್ಟ. 1858-59ರ ಗಲಭೆಗಳಲ್ಲಿ ಸ್ತ್ರೀಯರ ಮೇಲುವಸ್ತ್ರಗಳನ್ನು ಹರಿಯಲಾಯಿತು. ಪ್ರಾರ್ಥನಾಲಯಗಳಿಗೆ ಬೆಂಕಿ ಬಿತ್ತು. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ನರ ಒತ್ತಾಯದಿಂದ 1859ರ ಜುಲೈ 26ರಂದು ಹೊಸ ಘೋಷಣೆ ಹೊರಟಿತು: ನಾಡಾರ್ ಸ್ತ್ರೀಯರೆಲ್ಲರೂ ಎದೆ ಮುಚ್ಚಬಹುದು, ಮುಕ್ಕುವ ಬೆಸ್ತರ ಹೆಂಗಸರಂತೆ ಒರಟು ಬಟ್ಟೆ ಸುತ್ತಿಕೊಳ್ಳಬಹುದು, ಆದರೆ ಮೇಲ್ಜಾತಿಯವರಂತೆ ಉಡಕೂಡದು.

ಈ ಮುಕ್ಕುವರು ಯಾರು? ಸಂತ ಫ್ರಾನ್ಸಿಸ್ ಕ್ಸೇವಿಯರರು 1544ರಲ್ಲಿ ಆ ಕರಾವಳಿಯಲ್ಲಿ ದೀಕ್ಷಾಸ್ನಾನ ನೀಡಿದ ಜನ. ಅವರಲ್ಲಿ ಅನೇಕರು ನಮ್ಮದೇ ಕಥೋಲಿಕ ಧರ್ಮಸಭೆಯವರು. ಕೀಳ್ತನವನ್ನು ಅಳೆಯಲು ಅರಮನೆ ಹಿಡಿದ ಕೋಲು ನಮ್ಮ ಸೋದರಿಯರ ಬಟ್ಟೆಯಾಗಿತ್ತು!

ಹಾಗಿದ್ದೂ ಹಬ್ಬದ ಬಲಿಪೂಜೆಯಲ್ಲಿ ರೇಷ್ಮೆಗೆ ಮುಂದಿನ ಸಾಲು, ಮಾಸಿದ ಬಟ್ಟೆಗೆ ಬಾಗಿಲ ಬಳಿಯ ಮೂಲೆ ಎಂದು ನಾವು ಮನಸ್ಸಿನಲ್ಲೇ ವಿಂಗಡಿಸುವುದಿಲ್ಲವೇ? ಸಂತ ಯಕೋಬರು ತಮ್ಮ ಪತ್ರದಲ್ಲಿ ಖಂಡಿಸಿದ್ದು ಇದನ್ನೇ. ದೀಕ್ಷಾಸ್ನಾನದ ದಿನ ನಮಗೆಲ್ಲರಿಗೂ ದೊರೆತದ್ದು ಒಂದೇ ಬಿಳಿಯ ವಸ್ತ್ರ. ಅದಕ್ಕೆ ಮೇಲು ಕೀಳಿನ ಅಂಚು ಹೊಲಿಯುವ ಅಧಿಕಾರ ನಮಗಿಲ್ಲ.