ಮಾದರಿ ಕಡತಗಳು: ಹೊರಗೆ ಕನ್ನಡದ ಹೆಸರು, ಒಳಗೆ ಇಂಗ್ಲಿಷ್ ಹೂರಣ

ಹೊಸದಾಗಿ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸಿದ ಗಣಕಯಂತ್ರದಲ್ಲಿ ಎಲ್ಲವೂ ಇರುತ್ತದೆ; ತೆರೆದು ನೋಡಲು ಮಾತ್ರ ಏನೂ ಇರುವುದಿಲ್ಲ. ಪತ್ರ ಬರೆಯುವ ತಂತ್ರಾಂಶವಿದೆ, ಪತ್ರವಿಲ್ಲ. ಹಾಡು ಕೇಳಿಸುವ ತಂತ್ರಾಂಶವಿದೆ, ಹಾಡಿಲ್ಲ. ಅನುಭವವುಳ್ಳವನಿಗೆ ಈ ಖಾಲಿತನ ದೊಡ್ಡ ವಿಷಯವಲ್ಲ. ಮೊದಲ ಬಾರಿಗೆ ಗಣಕದ ಮುಂದೆ ಕುಳಿತ ವಿದ್ಯಾರ್ಥಿಗೆ ಅಥವಾ ನಿವೃತ್ತಿಯ ನಂತರ ಗಣಕ ಕಲಿಯಹೊರಟ ಹಿರಿಯರಿಗೆ ಎಲ್ಲಿಂದ ಆರಂಭಿಸಬೇಕೆಂದೇ ತಿಳಿಯುವುದಿಲ್ಲ.

ಈ ತೊಡಕನ್ನು ಪರಿಹರಿಸಲೆಂದೇ ಕಾರ್ಯಾಚರಣಾ ವ್ಯವಸ್ಥೆಗಳ ತಯಾರಕರು ಕೆಲವು ‘ಮಾದರಿ ಕಡತ’ಗಳನ್ನು ಜೊತೆಗೆ ಸೇರಿಸಿ ಕೊಡುವ ಪದ್ಧತಿ ಬೆಳೆಸಿದರು. ನಾಲ್ಕಾರು ಚಿತ್ರ, ಒಂದೆರಡು ಹಾಡು, ಒಂದು ವಿಡಿಯೋ, ಒಂದು ಲೆಕ್ಕದ ಹಾಳೆ. ನೋಡಲು ಇದು ಸಣ್ಣ ಸಂಗತಿ. ಆದರೆ ಈ ಕಡತಗಳನ್ನು ಯಾರಿಗಾಗಿ, ಯಾವ ಭಾಷೆಯಲ್ಲಿ ಆರಿಸಲಾಗಿದೆ ಎಂಬುದನ್ನು ಗಮನಿಸಿದರೆ, ಆ ವ್ಯವಸ್ಥೆಯನ್ನು ರೂಪಿಸಿದವರ ಕಣ್ಣಮುಂದೆ ಯಾವ ಬಳಕೆದಾರನಿದ್ದ ಎಂಬುದೂ ತಿಳಿದುಬಿಡುತ್ತದೆ.

ಹಾಡಿನಿಂದ ಆರಂಭ

ಮೈಕ್ರೋಸಾಫ್ಟ್ ಸಂಸ್ಥೆ 1995ರಲ್ಲಿ ಬಿಡುಗಡೆ ಮಾಡಿದ ವಿಂಡೋಸ್ 95ರ ಸಿ.ಡಿ.ಯಲ್ಲಿ ಅಮೆರಿಕದ ರಾಕ್ ತಂಡ ವೀಜರ್‌ನ ‘ಬಡ್ಡಿ ಹಾಲಿ’ ಹಾಡಿನ ವಿಡಿಯೋ ಇತ್ತು. ಗಣಕಯಂತ್ರದಲ್ಲಿ ಚಲಿಸುವ ಚಿತ್ರ ನೋಡುವುದೇ ಅಂದು ಬಹುತೇಕರಿಗೆ ಹೊಸ ಅನುಭವ. ಸಂಸ್ಥೆ ತನ್ನ ಉತ್ಪನ್ನದ ಶಕ್ತಿಯನ್ನು ವಿವರಿಸುವ ಬದಲು ತೋರಿಸಿಬಿಟ್ಟಿತು.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಬಿಥೋವನ್‌ನ ಒಂಬತ್ತನೆಯ ಸಿಂಫನಿಯ ಒಂದು ಭಾಗವೂ, ನೀಲಿ ಬೆಟ್ಟ, ಸೂರ್ಯಾಸ್ತ, ನೈದಿಲೆ, ಹಿಮಗಾಲ ಎಂಬ ನಾಲ್ಕು ಚಿತ್ರಗಳೂ ಇದ್ದವು. 2009ರ ವಿಂಡೋಸ್ 7ರಲ್ಲಿ ಪೆಂಗ್ವಿನ್, ಕೋಆಲಾ, ಲೋಳೆಮೀನು ಸೇರಿದಂತೆ ಎಂಟು ಚಿತ್ರಗಳು ಬಂದವು. ಸೈಬರ್ ಕೆಫೆಗಳಲ್ಲಿ, ಗಣಕ ತರಬೇತಿ ಕೇಂದ್ರಗಳಲ್ಲಿ ಕಲಿತ ಒಂದು ಪೀಳಿಗೆಯೇ ಚಿತ್ರವನ್ನು ಹಿಗ್ಗಿಸುವುದು, ಕತ್ತರಿಸುವುದು, ನಕಲು ಮಾಡುವುದನ್ನು ಇದೇ ಚಿತ್ರಗಳ ಮೇಲೆ ಕಲಿಯಿತು. ಆ ಪೀಳಿಗೆಯ ಅನೇಕರಿಗೆ ಆ ಪೆಂಗ್ವಿನ್‌ಗಳು ಇಂದಿಗೂ ನೆನಪಿವೆ. ವಿಂಡೋಸ್ 7ರ ನಂತರ ಈ ಪದ್ಧತಿ ಮರೆಯಾಯಿತು.

ಉಬುಂಟು ಹಿಡಿದ ದಾರಿ

ಇದೇ ಅವಧಿಯಲ್ಲಿ ಮಾದರಿ ಕಡತಗಳನ್ನು ಗಂಭೀರವಾಗಿ ಪರಿಗಣಿಸಿದ ಮತ್ತೊಂದು ವ್ಯವಸ್ಥೆ ಉಬುಂಟು. ದಕ್ಷಿಣ ಆಫ್ರಿಕಾ ಮೂಲದ ಉದ್ಯಮಿ ಮಾರ್ಕ್ ಶಟಲ್‌ವರ್ತ್ ಸ್ಥಾಪಿಸಿದ ಕೆನಾನಿಕಲ್ ಸಂಸ್ಥೆಯ ಬೆಂಬಲದೊಂದಿಗೆ 2004ರ ಅಕ್ಟೋಬರ್‌ನಲ್ಲಿ ಇದರ ಮೊದಲ ಆವೃತ್ತಿ ಹೊರಬಂತು. ಲಿನಕ್ಸ್ ಆಧಾರಿತವಾದ ಈ ವ್ಯವಸ್ಥೆ ಉಚಿತ. ಅದನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು, ತಿದ್ದಬಹುದು. ಅರ್ಜಿ ಸಲ್ಲಿಸಿದವರ ಮನೆಗೆ ಅಂಚೆಯ ಮೂಲಕ ಉಚಿತ ಸಿ.ಡಿ. ಕಳುಹಿಸುವ ಯೋಜನೆಯನ್ನೂ ಸಂಸ್ಥೆ 2011ರವರೆಗೆ ನಡೆಸಿತು. ಭಾರತದಲ್ಲಿ ಉಬುಂಟುವಿನ ಪರಿಚಯವಾದದ್ದು ಹಲವರಿಗೆ ಈ ಸಿ.ಡಿ.ಗಳಿಂದಲೇ.

ಈ ಸಿ.ಡಿ.ಗೆ ಒಂದು ವಿಶೇಷ ಗುಣವಿತ್ತು. ಗಣಕದಲ್ಲಿ ಏನನ್ನೂ ಅಳವಡಿಸದೆ, ಸಿ.ಡಿ.ಯಿಂದಲೇ ವ್ಯವಸ್ಥೆಯನ್ನು ನಡೆಸಿ ನೋಡಬಹುದಿತ್ತು. ಹಾಗೆ ನೋಡುವವನ ಬಳಿ ತನ್ನದೆಂಬ ಒಂದು ಕಡತವೂ ತೆರೆದ ಪರದೆಯ ಮೇಲೆ ಇರುತ್ತಿರಲಿಲ್ಲ. ಮನೆಯಲ್ಲಿ ಅಂತರ್ಜಾಲ ಸಂಪರ್ಕ ಇಲ್ಲದಿದ್ದರೆ ಹೊರಗಿನಿಂದ ತರಿಸಿಕೊಳ್ಳುವಂತೆಯೂ ಇರಲಿಲ್ಲ. ಆದ್ದರಿಂದ ಬಳಕೆದಾರನ ಕಡತಕೋಶದಲ್ಲಿ ‘ಎಕ್ಸಾಂಪಲ್ಸ್’ ಎಂಬ ಕೊಂಡಿಯೊಂದನ್ನು ಇರಿಸಲಾಯಿತು. ಅದನ್ನು ಒತ್ತಿದರೆ ಮಾದರಿ ಕಡತಗಳ ಸಂಗ್ರಹ ತೆರೆದುಕೊಳ್ಳುತ್ತಿತ್ತು.

ಆ ಸಂಗ್ರಹದಲ್ಲಿ ನೆಲ್ಸನ್ ಮಂಡೇಲಾ ಅವರು ‘ಉಬುಂಟು’ ಎಂಬ ಆಫ್ರಿಕನ್ ಪರಿಕಲ್ಪನೆಯನ್ನು ವಿವರಿಸುವ ಕಿರುಚಿತ್ರವಿತ್ತು. ಈಸೋಪನ ನೀತಿಕಥೆಯೊಂದರ ವಾಚನವಿತ್ತು. ಸ್ವಯಂಸೇವಕರು ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನು ಓದಿ ಧ್ವನಿಮುದ್ರಿಸುವ ಲಿಬ್ರಿವಾಕ್ಸ್ ಯೋಜನೆಯಿಂದ ಅದನ್ನು ಪಡೆಯಲಾಗಿತ್ತು. ಸಾಲದ ಕಂತಿನ ಲೆಕ್ಕದ ಹಾಳೆ, ತ್ರಿಕೋನಮಿತಿಯ ಕೋಷ್ಟಕ, ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಒಳಗೊಂಡ ಬರಹ, ಪ್ರಾತ್ಯಕ್ಷಿಕೆಯ ಪುಟಗಳು, ಪದರ ಪದರವಾಗಿ ತಿದ್ದಬಹುದಾದ ಚಿತ್ರ ಇವೂ ಇದ್ದವು.

ಅಲಂಕಾರವಷ್ಟೇ ಅಲ್ಲ, ಪರೀಕ್ಷೆಯೂ ಹೌದು

ಈ ಆಯ್ಕೆಯ ಹಿಂದೆ ತಾಂತ್ರಿಕ ಕಾರಣವಿತ್ತು. ಅಂದು ಸರ್ವತ್ರ ಬಳಕೆಯಲ್ಲಿದ್ದ ಎಂಪಿ3 ಸ್ವರೂಪಕ್ಕೆ ಹಲವು ದೇಶಗಳಲ್ಲಿ ಪೇಟೆಂಟ್ ರಕ್ಷಣೆಯಿತ್ತು. ಅದರ ಪರವಾನಗಿ ಯೋಜನೆ ಕೊನೆಗೊಂಡದ್ದು 2017ರಲ್ಲಿ. ಹೀಗಾಗಿ ಉಬುಂಟು ಸಿ.ಡಿ.ಯಿಂದ ನೇರವಾಗಿ ಎಂಪಿ3 ಹಾಡು ಕೇಳಲು ಸಾಧ್ಯವಿರಲಿಲ್ಲ. ಹೊಸ ಬಳಕೆದಾರ ತನ್ನ ಹಾಡು ಹಾಕಿ ನೋಡಿ, ಅದು ಕೇಳಿಸದಿದ್ದಾಗ ವ್ಯವಸ್ಥೆಯೇ ಸರಿಯಿಲ್ಲವೆಂದು ತೀರ್ಮಾನಿಸುವ ಅಪಾಯವಿತ್ತು. ವಾರ್ಬಿಸ್, ಥಿಯೋರಾ, ಸ್ಪೀಕ್ಸ್ ಎಂಬ ಮುಕ್ತ ಸ್ವರೂಪಗಳಲ್ಲಿದ್ದ ಮಾದರಿ ಕಡತಗಳು ಆ ಅನುಮಾನಕ್ಕೆ ಉತ್ತರವಾಗಿದ್ದವು. ಮಂಡೇಲಾ ಅವರ ಧ್ವನಿ ಕೇಳಿಸಿತೆಂದರೆ ಗಣಕದ ಧ್ವನಿ ವ್ಯವಸ್ಥೆ ಸರಿಯಿದೆ, ಚಿತ್ರ ಮೂಡಿತೆಂದರೆ ಪರದೆಯ ವ್ಯವಸ್ಥೆ ಸರಿಯಿದೆ ಎಂದರ್ಥ. ಕಚೇರಿ ಕಡತಗಳ ಮುಕ್ತ ಸ್ವರೂಪವಾದ ಓಡಿಎಫ್ 2006ರಲ್ಲಷ್ಟೇ ಅಂತರರಾಷ್ಟ್ರೀಯ ಮಾನದಂಡವಾಗಿತ್ತು. ಅದನ್ನು ಕಂಡೇ ಇರದವರಿಗೆ ಪರಿಚಯಿಸುವ ಕೆಲಸವನ್ನೂ ಇದೇ ಸಂಗ್ರಹ ಮಾಡಿತು.

ಕೊರತೆಗಳೂ ಕಡಿಮೆಯಿರಲಿಲ್ಲ. ಸಂಗ್ರಹದ ಗಣನೀಯ ಭಾಗ ಉಬುಂಟುವಿನ ಬಗ್ಗೆಯೇ ಇತ್ತು: ಅದರ ಲಾಂಛನ, ಅದರ ಪರಿಚಯದ ಪುಟಗಳು, ಅಮೆರಿಕದ ಒಂದು ಗ್ರಂಥಾಲಯವೂ ಒಂದು ಬಾನುಲಿ ಕೇಂದ್ರವೂ ಅದನ್ನು ಅಳವಡಿಸಿಕೊಂಡ ಕಥೆ. ಅದಾಗಲೇ ಸಿ.ಡಿ. ಹಾಕಿ ಕುಳಿತವನಿಗೆ ಇನ್ನಷ್ಟು ಪ್ರಚಾರ ಬೇಕಿರಲಿಲ್ಲ. ಮನೆಖರ್ಚಿನ ಪಟ್ಟಿ, ಕೆಲಸದ ಅರ್ಜಿ, ಶಾಲೆಯ ಅಂಕಪಟ್ಟಿಯಂತಹ ನಿತ್ಯೋಪಯೋಗಿ ನಮೂನೆಗಳು ಬೇಕಿದ್ದವು. ಇನ್ನೊಂದು ತೊಡಕು ಕಡತಗಳನ್ನು ಇರಿಸಿದ ಜಾಗದ್ದು. ಅವು ವ್ಯವಸ್ಥೆಯ ರಕ್ಷಿತ ಭಾಗದಲ್ಲಿದ್ದುದರಿಂದ ತೆರೆದು ನೋಡಬಹುದಿತ್ತು. ತಿದ್ದಿ ಅಲ್ಲಿಯೇ ಉಳಿಸುವಂತಿರಲಿಲ್ಲ. ಕಲಿಯಲೆಂದು ಕೊಟ್ಟ ಪಾಟಿಯ ಮೇಲೆ ಬರೆಯಬೇಡಿ ಎಂದಂತಾಯಿತು ಅದು.

ಸುಧಾರಣೆಯ ಪ್ರಯತ್ನ ನಡೆದದ್ದು 2008ರಲ್ಲಿ. ‘ಫ್ರೀ ಕಲ್ಚರ್ ಶೋಕೇಸ್’ ಎಂಬ ಹೆಸರಿನಲ್ಲಿ ಜಗತ್ತಿನ ಕಲಾವಿದರಿಂದ ಹಾಡು, ವಿಡಿಯೋ, ಚಿತ್ರಗಳನ್ನು ಆಹ್ವಾನಿಸಿ, ಆಯ್ದವನ್ನು ಮುಂದಿನ ಆವೃತ್ತಿಯ ಸಿ.ಡಿ.ಯಲ್ಲಿ ಸೇರಿಸುವ ಸ್ಪರ್ಧೆ ಆರಂಭವಾಯಿತು. ಯಾರೂ ನಕಲು ಮಾಡಿ, ತಿದ್ದಿ, ಮರುಹಂಚಲು ಅವಕಾಶವಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಕೃತಿಯನ್ನು ಒಪ್ಪಿಸಬೇಕಿತ್ತು. ಸ್ವಂತ ಪ್ರಚಾರದ ಜಾಗದಲ್ಲಿ ಇತರರ ಸೃಷ್ಟಿಗೆ ಎಡೆ ಸಿಕ್ಕಿತು. ಆದರೆ ಒಂದು ಗೋಡೆ ಹಾಗೆಯೇ ಉಳಿಯಿತು. ಸಿ.ಡಿ.ಯ ಸಾಮರ್ಥ್ಯ 700 ಮೆಗಾಬೈಟ್. ಅದರೊಳಗೆ ಇಡೀ ವ್ಯವಸ್ಥೆ, ಕಚೇರಿ ತಂತ್ರಾಂಶ, ಭಾಷಾ ಕಡತಗಳು ಎಲ್ಲವೂ ಹಿಡಿಸಬೇಕು. ಭಾಷೆಗಳಲ್ಲಿಯೂ ಕೆಲವಕ್ಕಷ್ಟೇ ಅಲ್ಲಿ ಜಾಗ. ಉಳಿದವನ್ನು ಅಂತರ್ಜಾಲದಿಂದ ಪಡೆಯಬೇಕಿತ್ತು.

ಬಾಗಿಲ ಮೇಲೆ ಕನ್ನಡ

ಕನ್ನಡಕ್ಕೆ ಸಂಬಂಧಿಸಿದ ಸ್ವಾರಸ್ಯ ಇಲ್ಲಿಯೇ ಇದೆ. ಮಾದರಿ ಕಡತಗಳ ಕೊಂಡಿಯ ಹೆಸರನ್ನು ಸ್ವಯಂಸೇವಕರು ಹತ್ತಾರು ಭಾಷೆಗಳಿಗೆ ಅನುವಾದಿಸಿದ್ದರು. ಆ ಪಟ್ಟಿಯಲ್ಲಿ ಕನ್ನಡವೂ ಇತ್ತು. ಕನ್ನಡವನ್ನು ಆರಿಸಿಕೊಂಡ ಬಳಕೆದಾರನಿಗೆ ಆ ಕೊಂಡಿ ‘ಉದಾಹರಣೆಗಳು’ ಎಂದೇ ಕಾಣಿಸುತ್ತಿತ್ತು. ಒತ್ತಿ ಒಳಹೊಕ್ಕರೆ ಮಾತ್ರ ಓದಲು ಒಂದು ಕನ್ನಡದ ಸಾಲೂ ಇಲ್ಲ; ಇಂಗ್ಲಿಷ್ ಬರಹ, ಇಂಗ್ಲಿಷ್ ವಾಚನ. ಅನುವಾದಕರು ತಮ್ಮ ಕೆಲಸ ಮಾಡಿದ್ದರು. ಒಳಗಿನ ಹೂರಣವನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸ ಮಾತ್ರ ಯಾರ ಪಾಲಿಗೂ ಬರಲಿಲ್ಲ.

ಇದು ಅಭಿಮಾನದ ಪ್ರಶ್ನೆಯಷ್ಟೇ ಅಲ್ಲ. ಇಂಗ್ಲಿಷ್ ಮಾದರಿ ಕಡತ ಗಣಕದ ಧ್ವನಿ, ಚಿತ್ರಗಳನ್ನು ಪರೀಕ್ಷಿಸಬಲ್ಲದು. ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂಬುದನ್ನು ಪರೀಕ್ಷಿಸಲಾರದು. ಕನ್ನಡದಲ್ಲಿ ಒತ್ತಕ್ಷರ, ಅರ್ಕಾವತ್ತು, ಎರಡು ಮೂರು ವ್ಯಂಜನಗಳು ಕೂಡಿದ ಸಂಯುಕ್ತಾಕ್ಷರಗಳಿವೆ. ಅಕ್ಷರಗಳನ್ನು ಜೋಡಿಸುವ ತಂತ್ರಾಂಶವಾಗಲಿ ಫಾಂಟ್ ಆಗಲಿ ಹದವಾಗಿಲ್ಲದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಚೆದುರುತ್ತವೆ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಬರಬೇಕು. ‘ರ್‍ಯಾಂಕ್’ ಎಂಬಲ್ಲಿ ಬರಬಾರದು. ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣದ ಒಂದು ಸಂಕೇತದ ಮೇಲೆ ನಿಂತಿದೆ. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ವಕಾರ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದೂ ಅಂತಹುದೇ ಇನ್ನೊಂದು ಸಂಕೇತ. ಈ ಮೂರು ಪದಗಳಿರುವ ಒಂದೇ ಒಂದು ಸಾಲು, ಗಣಕ ಕನ್ನಡಕ್ಕೆ ಸಿದ್ಧವಿದೆಯೇ ಎಂಬುದನ್ನು ಕ್ಷಣಾರ್ಧದಲ್ಲಿ ಹೇಳಿಬಿಡುತ್ತದೆ.

ಲೆಕ್ಕದ ಹಾಳೆಯ ವಿಷಯವೂ ಹೀಗೆಯೇ. ಹನ್ನೆರಡೂವರೆ ಲಕ್ಷ ರೂಪಾಯಿಯನ್ನು ಇಲ್ಲಿಯವರು 12,50,000 ಎಂದು ಬರೆದರೆ, ಅಮೆರಿಕದ ಪದ್ಧತಿಯ ಹಾಳೆ 1,250,000 ಎಂದು ತೋರಿಸುತ್ತದೆ. 2010ರಲ್ಲಿ ಅಂಗೀಕಾರವಾದ ₹ ಚಿಹ್ನೆ ಹಳೆಯ ಫಾಂಟ್‌ಗಳಲ್ಲಿ ಇಲ್ಲದ್ದರಿಂದ ಅದರ ಸ್ಥಾನದಲ್ಲಿ ಖಾಲಿ ಚೌಕ ಮೂಡುವುದುಂಟು. ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದಾಗ ಕನ್ನಡದ ಕ್ರಮವನ್ನು ಅನುಸರಿಸುತ್ತದೆಯೇ ಎಂಬುದನ್ನೂ ನೋಡಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ ಕಡತಗಳು, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ; ಯೂನಿಕೋಡ್‌ನಲ್ಲಿರುವ ಕಡತಕ್ಕೆ ಆ ಸ್ಥಿತಿ ಬರುವುದಿಲ್ಲ. ಈ ವ್ಯತ್ಯಾಸವನ್ನು ಹತ್ತು ಪುಟಗಳ ವಿವರಣೆಗಿಂತ ಎರಡು ಮಾದರಿ ಕಡತಗಳು ಚೆನ್ನಾಗಿ ತಿಳಿಸಬಲ್ಲವು.

ಸಾಮಗ್ರಿ ಎಲ್ಲಿಂದ?

ಒಳ್ಳೆಯ ಮಾದರಿ ಕಡತಕ್ಕೆ ಮೊದಲ ಷರತ್ತು ಹಕ್ಕುಸ್ವಾಮ್ಯದ ಸ್ಪಷ್ಟತೆ. ಭಾರತದ ಕಾನೂನಿನಂತೆ ಲೇಖಕ ತೀರಿಕೊಂಡ 60 ವರ್ಷಗಳ ನಂತರ ಕೃತಿ ಸಾರ್ವಜನಿಕ ಸ್ವತ್ತಾಗುತ್ತದೆ. 1937ರಲ್ಲಿ ನಿಧನರಾದ ಪಂಜೆ ಮಂಗೇಶರಾಯರ ಮಕ್ಕಳ ಕಥೆಗಳಿಗೆ ಈ ಬಿಡುಗಡೆ ಎಂದೋ ದೊರೆತಿದೆ. ಈಸೋಪನ ಜಾಗದಲ್ಲಿ ಕೂರಿಸಲು ಹನ್ನೊಂದನೆಯ ಶತಮಾನದ ದುರ್ಗಸಿಂಹನ ಪಂಚತಂತ್ರವೇ ಇದೆ. ಅದರ ಕಥೆಯೊಂದನ್ನು ಇಂದಿನ ಸರಳಗನ್ನಡದಲ್ಲಿ ಹೊಸದಾಗಿ ಬರೆಯಬಹುದು. ಆದರೆ ಹೊಸದಾಗಿ ಬರೆದವನಿಗೂ, ಅದನ್ನು ಓದಿ ಧ್ವನಿಮುದ್ರಿಸಿದವನಿಗೂ ತಮ್ಮದೇ ಹಕ್ಕುಗಳಿರುತ್ತವೆ. ಮುಕ್ತ ಪರವಾನಗಿಗೆ ಅವರ ಒಪ್ಪಿಗೆ ಪಡೆಯಲೇಬೇಕು.

ಗಾತ್ರದ ನೆಪ ಈಗ ಉಳಿದಿಲ್ಲ. ಸೆಕೆಂಡಿಗೆ 32 ಕಿಲೋಬಿಟ್ ದರದಲ್ಲಿ ಮುದ್ರಿಸಿದ ಹತ್ತು ನಿಮಿಷದ ಕಥಾವಾಚನ ಎರಡೂವರೆ ಮೆಗಾಬೈಟ್‌ಗಿಂತ ಕಡಿಮೆ. ಉಬುಂಟು 2012ರ 12.10 ಆವೃತ್ತಿಯಿಂದ ಸಿ.ಡಿ.ಯ ಮಿತಿಯನ್ನೇ ಕೈಬಿಟ್ಟಿತು, 2024ರ 24.04 ಆವೃತ್ತಿಯ ಗಾತ್ರ ಐದು ಗಿಗಾಬೈಟ್ ದಾಟಿದೆ. ಜಾಗ ಇಷ್ಟು ಹಿಗ್ಗಿದರೂ, 2018ರ 18.04 ಆವೃತ್ತಿಯವರೆಗೆ ಇದ್ದ ‘ಉದಾಹರಣೆಗಳು’ ಕೊಂಡಿ ನಂತರ ಕಾಣೆಯಾಯಿತು. ಅಂತರ್ಜಾಲ ಎಲ್ಲರ ಕೈಗೆ ಬಂದಿರುವಾಗ ಮಾದರಿ ಕಡತಗಳ ಅಗತ್ಯವೇನು ಎಂಬ ವಾದ ಅರ್ಧ ಸತ್ಯ. ಸಂಪರ್ಕವಿದ್ದರೂ ಏನನ್ನು ಹುಡುಕಬೇಕೆಂದು ತಿಳಿಯದವನಿಗೆ ಅದರಿಂದಾಗುವ ಉಪಕಾರ ಕಡಿಮೆ. ಸಂಪರ್ಕವೇ ಇಲ್ಲದ ಶಾಲೆಯ ಗಣಕ ಕೊಠಡಿಗೆ ಆ ವಾದ ಅನ್ವಯಿಸುವುದೇ ಇಲ್ಲ.

ಪರಿಹಾರಕ್ಕಾಗಿ ಲಂಡನ್ನಿನ ಸಂಸ್ಥೆಯ ಕಡೆಗೆ ನೋಡುತ್ತ ಕೂರಬೇಕಿಲ್ಲ. ಲಿನಕ್ಸ್ ವ್ಯವಸ್ಥೆಯಲ್ಲಿ ‘ಸ್ಕೆಲ್’ ಎಂಬ ಕಡತಕೋಶವಿದೆ. ಅದರಲ್ಲಿ ಏನನ್ನು ಇರಿಸಿದರೂ, ಆ ಗಣಕದಲ್ಲಿ ಹೊಸ ಬಳಕೆದಾರನ ಖಾತೆ ತೆರೆದಾಗಲೆಲ್ಲ ಅದರ ಒಂದು ಪ್ರತಿ ಆತನ ಸ್ವಂತ ಕಡತಕೋಶಕ್ಕೆ ಬಂದು ಸೇರುತ್ತದೆ. ಉಬುಂಟು ತನ್ನ ಕೊಂಡಿಯನ್ನು ಬಳಕೆದಾರರಿಗೆ ತಲುಪಿಸುತ್ತಿದ್ದುದೂ ಇದೇ ದಾರಿಯಲ್ಲಿ. ಶಾಲೆಯ ಗಣಕ ಶಿಕ್ಷಕರೊಬ್ಬರು ಒಂದು ಕನ್ನಡ ಪತ್ರ, ಒಂದು ಅಂಕಪಟ್ಟಿ, ಒಂದು ಕಥಾವಾಚನ, ಶಾಲೆಯ ಅಂಗಳದ ನಾಲ್ಕು ಚಿತ್ರಗಳನ್ನು ಅಲ್ಲಿ ಇರಿಸಿದರೆ ಸಾಕು. ಪ್ರತಿ ವಿದ್ಯಾರ್ಥಿಗೂ ಅವು ದೊರೆಯುತ್ತವೆ. ಪ್ರತಿ ಆತನದೇ ಆದ್ದರಿಂದ ತಿದ್ದಬಹುದು, ಕೆಡಿಸಬಹುದು, ಅಳಿಸಿ ಮತ್ತೆ ಬರೆಯಬಹುದು. ಹಳೆಯ ಸಂಗ್ರಹಕ್ಕಿದ್ದ ‘ಮುಟ್ಟಬೇಡಿ’ ಎಂಬ ಕಟ್ಟಳೆಯೂ ಇದರಿಂದ ನೀಗುತ್ತದೆ.

ಗಣಕ ಕಲಿಯುವ ಮಗು ಮೊದಲು ತೆರೆಯುವ ಕಡತ ಯಾವುದು ಎಂಬುದು ಸಣ್ಣ ಪ್ರಶ್ನೆಯಂತೆ ಕಾಣಬಹುದು. ಅದರಲ್ಲಿ ತನ್ನ ಭಾಷೆಯ ಅಕ್ಷರಗಳು ಒತ್ತು ಚೆದುರದೆ, ಕೊಂಬು ಜಾರದೆ ಮೂಡಿದ್ದನ್ನು ಕಂಡ ಮಗು, ಈ ಯಂತ್ರದಲ್ಲಿ ಕನ್ನಡವನ್ನೂ ಬರೆಯಬಹುದೇ ಎಂದು ಮುಂದೆಂದೂ ಕೇಳುವುದಿಲ್ಲ.