ಬ್ಯಾಟರಿ ಡ್ರಿಲ್ಲು ಕೊಳ್ಳುವ ಮುಂಚೆ ತಕ್ಕಡಿಗೆ ಹಾಕಿ ನೋಡಿ

ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು – ನಮ್ಮ ಈ ನಾಲ್ಕೂ ತಾಲ್ಲೂಕಿನ ಹಳ್ಳಿಗಳಲ್ಲಿ ಈಗ ಬಡಿಗೇರರು, ಕಮ್ಮಾರರು ಕರೆದ ದಿನ ಸಿಗುವುದಿಲ್ಲ. ಅವರ ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರಿಕೊಂಡಿದ್ದಾರೆ. ಕೊಟ್ಟಿಗೆಯ ತಗಡು ಹಾರಿದರೆ, ಕೂರಿಗೆಯ ಬೋಲ್ಟು ಕಿತ್ತರೆ, ಬಾಗಿಲ ಚಿಲಕ ಸಡಿಲಾದರೆ ನಾವೇ ಕೈ ಹಾಕಬೇಕು. ಹಾಗಾಗಿ ವೈರಿಲ್ಲದ ಬ್ಯಾಟರಿ ಡ್ರಿಲ್ಲಿನ ಪೆಟ್ಟಿಗೆ ಮನೆ ಮನೆಗೆ ಬರುತ್ತಿದೆ. ಮೊಬೈಲಿನಲ್ಲಿ ನೋಡಿ ತರಿಸುತ್ತಾರೆ, ರಸ್ತೆ ಬದಿ ಮಾರುವವರ ಹತ್ತಿರ ಚೌಕಾಸಿ ಮಾಡಿ ತರುತ್ತಾರೆ. ಆರು ತಿಂಗಳಿಗೆ ಅದು ಅಟ್ಟ ಸೇರಿರುತ್ತದೆ.

ಹೆಸರಿಲ್ಲದ ಸೆಟ್ಟು ಎರಡು-ಮೂರು ಸಾವಿರಕ್ಕೆ ಸಿಗುತ್ತದೆ. ಗೊತ್ತಿರುವ ಕಂಪನಿಯದಾದರೆ ಡ್ರಿಲ್ಲು, ಎರಡು ಬ್ಯಾಟರಿ, ಚಾರ್ಜರ್ ಸೇರಿ ಸುಮಾರು ಆರರಿಂದ ಹತ್ತು ಸಾವಿರ. 2025-26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2400 ರೂಪಾಯಿ. ಅದು ಪೂರ್ತಿ ಕೈಗೆ ಬಂತು ಅಂತಲೇ ಹಿಡಿಯಿರಿ (ಬಂದವರು ಪುಣ್ಯವಂತರು), ಆದರೂ ಎರಡೂವರೆಯಿಂದ ನಾಲ್ಕು ಕ್ವಿಂಟಲ್ ಕಾಳಿನ ದುಡ್ಡು. ಮಳೆ ನಂಬಿ ಬೆಳೆಯುವವರಿಗೆ ಅದು ಸಣ್ಣ ಮಾತಲ್ಲ.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಕೆಲಸ ನಡೆಯುವುದು ಎಲ್ಲಿ? ಮನೆ, ಕೊಟ್ಟಿಗೆ, ಅಂಗಳದಲ್ಲೇ ಆದರೆ ವೈರಿನ ಡ್ರಿಲ್ಲು ಸಾಕು. ಎರಡು-ಮೂರು ಸಾವಿರದ ಒಳಗೆ ಒಳ್ಳೆಯದೇ ಬರುತ್ತದೆ, ಹತ್ತು ವರ್ಷ ಪೆಟ್ಟಿಗೆಯಲ್ಲಿಟ್ಟು ತೆಗೆದರೂ ಓಡುತ್ತದೆ. ಬ್ಯಾಟರಿ ಸಾಯುವ ಚಿಂತೆಯೇ ಇಲ್ಲ. ಕಲ್ಲು, ಕಾಂಕ್ರೀಟ್ ಗೋಡೆ ಕೊರೆಯುವುದಕ್ಕೂ ಅದೇ ಮೇಲು. ಬ್ಯಾಟರಿಯದು ಬೇಕಾಗುವುದು ಹೊಲದಲ್ಲಿ, ತಗಡಿನ ಮಾಡಿನ ಮೇಲೆ, ಕರೆಂಟು ಇಲ್ಲದ ಹೊತ್ತಿನಲ್ಲಿ. ಹದ ಇರುವ ಎರಡು ದಿನದಲ್ಲಿ ಬಿತ್ತಬೇಕು, ಕೂರಿಗೆ ಹೊಲದಲ್ಲಿ ಕೈಕೊಟ್ಟಿತು ಅಂದರೆ ಊರಿಗೆ ಹೊತ್ತು ತಂದು ರಿಪೇರಿ ಮಾಡುವಷ್ಟರಲ್ಲಿ ಹದ ಆರಿಹೋಗುತ್ತದೆ. ಆಗ ಮಾತ್ರ ಇದರ ಬೆಲೆ ಗೊತ್ತಾಗುತ್ತದೆ.

ಕೊಳ್ಳುವುದು ಡ್ರಿಲ್ಲಲ್ಲ, ಬ್ಯಾಟರಿ

ಬ್ಯಾಟರಿ ಡ್ರಿಲ್ಲು ಹೊಸದೇನಲ್ಲ. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1961ರಲ್ಲೇ ಮಾಡಿತ್ತು. ಆಗಿನ ಬ್ಯಾಟರಿ ಭಾರ ಜಾಸ್ತಿ, ಕಸುವು ಕಡಿಮೆ. 1991ರಲ್ಲಿ ಜಪಾನಿನ ಸೋನಿಯವರು ಲಿಥಿಯಂ ಬ್ಯಾಟರಿ ಮಾರಾಟಕ್ಕೆ ತಂದ ಮೇಲೆ ದಾರಿ ತೆರೆಯಿತು. ಈಗಿನ ಡ್ರಿಲ್ಲಿನ ದುಡ್ಡಿನಲ್ಲಿ ದೊಡ್ಡ ಪಾಲು ಬ್ಯಾಟರಿಗೇ ಹೋಗುತ್ತದೆ. ಮೋಸವೂ ಅಲ್ಲೇ.

ಒಳಗಿರುವುದು ಬೆರಳು ಗಾತ್ರದ ಲಿಥಿಯಂ ಸೆಲ್ಲುಗಳು. ಒಂದು ಸೆಲ್ಲಿಗೆ 3.6 ವೋಲ್ಟ್. ಐದು ಜೋಡಿಸಿದರೆ 18. ಪೂರ್ತಿ ಚಾರ್ಜ್ ಆದಾಗ ಒಂದೊಂದು 4.2ಕ್ಕೆ ಏರುತ್ತದೆ, ಐದಕ್ಕೆ 21. ಅಂದರೆ ಒಬ್ಬ 18 ವೋಲ್ಟ್ ಅಂತ, ಇನ್ನೊಬ್ಬ 20 ಅಂತ, ಮತ್ತೊಬ್ಬ 21 ಅಂತ ಮಾರುವುದು ಒಂದನ್ನೇ. ಜಾಸ್ತಿ ನಂಬರಿಗೆ ಜಾಸ್ತಿ ದುಡ್ಡು ಕೊಡಬೇಡಿ. 12 ವೋಲ್ಟಿನದರಲ್ಲಿ ಮೂರು ಸೆಲ್ಲು. ಸ್ಕ್ರೂ ಕೂಡಿಸಲು, ಕಟ್ಟಿಗೆಗೆ ಸಣ್ಣ ತೂತು ಹಾಕಲು ಅದು ಸಾಕು, ಹಗುರ ಕೂಡ.

ಇನ್ನು 48, 88 ಅಂತ ದೊಡ್ಡ ಅಕ್ಷರದಲ್ಲಿ ಬರೆದ ಪೆಟ್ಟಿಗೆಗಳು ಬರುತ್ತವೆ. 48 ವೋಲ್ಟ್ ಆಗಬೇಕಾದರೆ ಹದಿಮೂರು ಸೆಲ್ಲು ಬೇಕು. ಅಂಗೈಯಷ್ಟು ಡಬ್ಬಿಯಲ್ಲಿ ಎಲ್ಲಿ ಕೂಡಿಸಿದರು? ಸೆಲ್ಲಿಗೆ ಸುಮಾರು 45 ಗ್ರಾಂ ತೂಕ. ಹದಿಮೂರಕ್ಕೆ ಸೆಲ್ಲಿನದೇ ಅರ್ಧ ಕೆಜಿ ದಾಟುತ್ತದೆ.

ಅದಕ್ಕೇ ತಕ್ಕಡಿಯ ಮಾತು ಹೇಳಿದ್ದು. ಐದು ಸೆಲ್ಲಿನ, ಎರಡು ಆಂಪಿಯರ್-ಅವರಿನ ಬ್ಯಾಟರಿ 350 ಗ್ರಾಂ ಆಸುಪಾಸು ತೂಗುತ್ತದೆ. ನಾಲ್ಕು ಆಂಪಿಯರ್-ಅವರಿನದು ಅರ್ಧ ಕೆಜಿಯಿಂದ ಮೇಲೆ ಇರಬೇಕು. ನಾಲ್ಕು ಅಂತ ಬರೆದದ್ದು 400 ಗ್ರಾಂ ಒಳಗೆ ತೂಗಿದರೆ ಕೈಮುಗಿದು ಬನ್ನಿ. ನಾವು ಹತ್ತಿ, ಮೆಣಸಿನಕಾಯಿ ಮಾರುವಾಗ ತೂಕದಲ್ಲಿ ಕಳಕೊಳ್ಳುವವರು. ಕೊಳ್ಳುವಾಗಾದರೂ ತೂಕ ಮಾಡೋಣ.

ಆಂಪಿಯರ್-ಅವರ್ ಅಂದರೆ ಏನು ಅಂತ ಕೇಳುವವರಿದ್ದಾರೆ. ನಮ್ಮ ಬೆನ್ನಿನ ಸ್ಪ್ರೇ ಪಂಪಿನ ಬ್ಯಾಟರಿ ಮೇಲೆ 12 ವೋಲ್ಟ್, 8 ಅಂತ ಇರುತ್ತದೆ. ಅದೇ 8. ವೋಲ್ಟಿಗೆ ಅದನ್ನು ಗುಣಿಸಿದರೆ ಎಷ್ಟು ಕೆಲಸ ತುಂಬಿದೆ ಅನ್ನುವುದು ಬರುತ್ತದೆ. ಡ್ರಿಲ್ಲಿನ 18 ವೋಲ್ಟ್, 2 ಆಂಪಿಯರಿನದು 36 ವ್ಯಾಟ್-ಅವರ್. ಸಾವಿರ ಆದರೆ ಒಂದು ಯೂನಿಟ್. ಸೋರಿಕೆ ಕಳೆದರೂ ಒಂದು ಯೂನಿಟ್ಟಿನಲ್ಲಿ ಇಪ್ಪತ್ತು ಸಲ ಚಾರ್ಜ್ ಮಾಡಬಹುದು. ಕರೆಂಟಿನ ಖರ್ಚು ಲೆಕ್ಕಕ್ಕೇ ಇಲ್ಲ. ಆದರೆ ಅದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ವೈರಿನ ಗ್ರೈಂಡರ್ ಸುಮಾರು 700 ವ್ಯಾಟಿನದು. ಬ್ಯಾಟರಿ ಗ್ರೈಂಡರ್ ಅಷ್ಟೇ ಜೋರು ಓಡಿದರೆ ಈ ಬ್ಯಾಟರಿ ಮೂರು ನಿಮಿಷಕ್ಕೆ ಖಾಲಿ. ಕಬ್ಬಿಣ ಕೊಯ್ಯುವ ಕೆಲಸ ಇದ್ದವರು ಗ್ರೈಂಡರನ್ನು ವೈರಿನದೇ ತಗೊಳ್ಳಿ.

ಸ್ಪ್ರೇ ಪಂಪಿನದು ಬಹಳ ಕಡೆ ಸೀಸದ ಬ್ಯಾಟರಿ, ಇದು ಲಿಥಿಯಂ. ಅದರ ಚಾರ್ಜರನ್ನು ಇದಕ್ಕೆ ಚುಚ್ಚಬೇಡಿ. ಪಿನ್ನು ಕೂಡುತ್ತದೆ ಅಂತ ಚುಚ್ಚಿದರೆ ಬೆಂಕಿ ಏಳಬಹುದು. ಬ್ಯಾಟರಿ ಮೇಲೆ ಐ.ಎಸ್. 16046 ಅಂತ, ಅದರ ಕೆಳಗೆ ಆರ್ ಅಕ್ಷರದ ನೋಂದಣಿ ನಂಬರು ಇದೆಯೋ ನೋಡಿ.

ಡ್ರಿಲ್ಲಿನ ಕಸುವು

ಕಸುವನ್ನು ನ್ಯೂಟನ್-ಮೀಟರ್ ಅಂತ ಬರೆದಿರುತ್ತಾರೆ. ಮನೆ ಡ್ರಿಲ್ಲಿಗೆ 30ರಿಂದ 50 ಇರುತ್ತದೆ. ನೀವು ಒಂದಡಿ ಉದ್ದದ ಪಾನಾಕ್ಕೆ 30 ಕೆಜಿ ಭಾರ ಹಾಕಿ ಜಗ್ಗಿದರೆ ಸುಮಾರು 90 ಆಗುತ್ತದೆ. ಅಂದರೆ ತುಕ್ಕು ಹಿಡಿದ ಕುಂಟೆಯ ಬೋಲ್ಟನ್ನು ಡ್ರಿಲ್ಲು ಬಿಚ್ಚುತ್ತದೆ ಅನ್ನುವ ಆಸೆ ಬೇಡ. ಅದಕ್ಕೆ ಇಂಪ್ಯಾಕ್ಟ್ ರೆಂಚ್ ಅಂತ ಬೇರೆಯೇ ಯಂತ್ರ. ಟ್ರ್ಯಾಕ್ಟರ್ ಇದ್ದವರಿಗೆ ಅದು ಲಾಭ, ಎತ್ತಿನ ಬೇಸಾಯದವರಿಗೆ ಪಾನಾ ಸಾಕು.

ಹಿಡಿಯುವ ಬಾಯಿ 10 ಮಿಲಿಮೀಟರಿನದು ನಮಗೆ ನಡೆಯುತ್ತದೆ. ಬಾಯಿಯ ಹಿಂದೆ ನಂಬರು ಬರೆದ ಬಳೆ ಇರುತ್ತದೆ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ತಗಡಿಗೆ ಸ್ಕ್ರೂ ಹೊಡೆಯುವಾಗ ಅದನ್ನು ನಡುವಿನ ನಂಬರಿಗೆ ಇಡಿ. ಬಿಗಿಯಾದ ಕೂಡಲೇ ಕಟಕಟ ಅಂತ ನಿಲ್ಲುತ್ತದೆ, ರಬ್ಬರ್ ವಾಸರ್ ಹಿಸುಕಿಹೋಗುವುದಿಲ್ಲ, ಮಳೆಗೆ ಸೋರುವುದಿಲ್ಲ. ತಗಡಿನ ಸ್ಕ್ರೂಗೆ 8 ಮಿಲಿಮೀಟರಿನ ಸಾಕೆಟ್ ಬೇಕು, ಕೇಳಿ ತಗೊಳ್ಳಿ. ಜಾಲಿ, ಮತ್ತಿಯಂಥ ಗಟ್ಟಿ ಕಟ್ಟಿಗೆಗೆ ಮೊದಲು ಸಣ್ಣ ತೂತು ಹಾಕಿ ಆಮೇಲೆ ಸ್ಕ್ರೂ. ನಮ್ಮ ಬಡಿಗೇರರು ಗಿರಮಿಟ್ಟಿನಿಂದ (ತಿನ್ನುವುದಲ್ಲ) ಮಾಡುತ್ತಿದ್ದದ್ದೂ ಇದನ್ನೇ.

ನೂರು ಸಾಮಾನಿನ ಸೆಟ್ಟು ಅಂತ ಪೆಟ್ಟಿಗೆ ತೆರೆದು ತೋರಿಸುತ್ತಾರೆ. ಅದರಲ್ಲಿ ನಾವು ಬಳಸುವುದು ಆರು. ಆ ದುಡ್ಡಿನಲ್ಲಿ ಒಳ್ಳೆಯ ಬಿಟ್ಟು ನಾಲ್ಕು ಬಿಡಿಯಾಗಿ ತಂದರೆ ಮೇಲು.

ಅಂಗೈಯಲ್ಲಿ ಹಿಡಿಯುವ ಬ್ಯಾಟರಿ ಗರಗಸ ಹಾನಗಲ್ ಕಡೆ ಮಾವಿನ ತೋಟದವರು ಕೇಳುತ್ತಾರೆ. ಮುಂಗೈ ದಪ್ಪದ ಟೊಂಗೆಗೆ ಅಡ್ಡಿಯಿಲ್ಲ. ಆದರೆ ಅಗ್ಗದ ಬಹಳಷ್ಟಕ್ಕೆ ಸರಪಳಿ ನಿಲ್ಲಿಸುವ ಬ್ರೇಕೇ ಇಲ್ಲ. ಗಿಡ ಹತ್ತಿ ಒಂದೇ ಕೈಯಲ್ಲಿ ಹಿಡಿದು ಕೊಯ್ಯುವುದನ್ನು ನೋಡಿದರೆ ನನಗೆ ಎದೆ ನಡುಗುತ್ತದೆ. ಗ್ರೈಂಡರಿಗೂ ಇದೇ ಮಾತು. ಮುಚ್ಚಳ ತೆಗೆದು ಓಡಿಸಬಾರದು, ಕಣ್ಣಿಗೆ ಕನ್ನಡಕ ಇಲ್ಲದೆ ಹಿಡಿಯಬಾರದು, ಕಟ್ಟಿಗೆ ಕೊಯ್ಯುವ ಹಲ್ಲಿನ ಬ್ಲೇಡನ್ನು ಅದಕ್ಕೆ ಹಾಕಲೇಬಾರದು.

ಒಂದೇ ಓಣಿಗೆ ಒಂದೇ ಕಂಪನಿ

ಬಾಷ್, ಮಕಿತಾ, ಡಿವಾಲ್ಟ್, ಸ್ಟಾನ್ಲಿ, ಇಂಗ್ಕೋ – ಒಬ್ಬರ ಬ್ಯಾಟರಿ ಇನ್ನೊಬ್ಬರ ಯಂತ್ರಕ್ಕೆ ಕೂಡುವುದಿಲ್ಲ. ಹಾಗಾಗಿ ಮೊದಲನೆಯದು ಯಾವ ಕಂಪನಿಯದೋ, ಮುಂದಿನದೂ ಅದೇ ಕಂಪನಿ, ಅದೇ ವೋಲ್ಟಿನದು ಆಗಬೇಕು. ಬ್ಯಾಟರಿ ಇಲ್ಲದ ಬರೀ ಯಂತ್ರ ಅಗ್ಗಕ್ಕೆ ಸಿಗುತ್ತದೆ. ಅಣ್ಣತಮ್ಮಂದಿರು, ಬಾಜು ಮನೆಯವರು ಮೂರು ಜನ ಕೂಡಿ ಒಂದೇ ಕಂಪನಿ ಹಿಡಿದರೆ ಒಬ್ಬರ ಹತ್ತಿರ ಡ್ರಿಲ್ಲು, ಒಬ್ಬರ ಹತ್ತಿರ ರೆಂಚು, ಬ್ಯಾಟರಿ ಎಲ್ಲರಿಗೂ. ಕೂರಿಗೆ, ಎತ್ತು ಮುಯ್ಯಿ ಕೊಟ್ಟು ಬಾಳಿದವರಿಗೆ ಇದು ಕಷ್ಟವಲ್ಲ.

ಅಂಗಡಿಯಲ್ಲಿ ಇದಿಷ್ಟು ಕೇಳಿ: ಎರಡನೇ ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೋ, ಬೆಲೆ ಎಷ್ಟು? ರಿಪೇರಿ ಹಾವೇರಿ, ಹುಬ್ಬಳ್ಳಿಯಲ್ಲಿ ಆಗುತ್ತದೆಯೋ, ಬೆಂಗಳೂರಿಗೆ ಕಳಿಸಬೇಕೋ? ಗ್ಯಾರಂಟಿ ಬ್ಯಾಟರಿಗೂ ಇದೆಯೋ, ಯಂತ್ರಕ್ಕೆ ಮಾತ್ರವೋ? ಬಿಲ್ಲು ಬೇಡ ಅಂದರೆ ನೂರು ರೂಪಾಯಿ ಕಡಿಮೆ ಅಂದವನ ಹತ್ತಿರ ತಗೊಳ್ಳಬೇಡಿ. ಬಿಲ್ಲಿಲ್ಲದೆ ಗ್ಯಾರಂಟಿ ಇಲ್ಲ.

ತಂದ ಮೇಲೆ ಬ್ಯಾಟರಿಯನ್ನು ಬಿಸಿಲಿಗೆ ಇಡಬೇಡಿ. ಏಪ್ರಿಲ್ ಬಿಸಿಲಲ್ಲಿ ಟ್ರ್ಯಾಕ್ಟರಿನ ಪೆಟ್ಟಿಗೆಯೊಳಗೆ ಬಿಟ್ಟರೆ ಅದರ ಆಯುಷ್ಯ ಅರ್ಧ ಮುಗಿದ ಹಾಗೆ. ಕೆಲಸ ಮಾಡಿ ಬಿಸಿ ಇದ್ದಾಗ ಚಾರ್ಜಿಗೆ ಹಾಕದೆ ಆರಲು ಬಿಡಿ. ತಿಂಗಳುಗಟ್ಟಲೆ ಕೆಲಸ ಇಲ್ಲದಿದ್ದರೆ ಅರ್ಧ ಚಾರ್ಜಿನಲ್ಲಿ, ಯಂತ್ರದಿಂದ ಬಿಚ್ಚಿ, ತಂಪು ಗೂಡಿನಲ್ಲಿಡಿ. ಪೂರ್ತಿ ಖಾಲಿ ಮಾಡಿ ಇಟ್ಟ ಬ್ಯಾಟರಿ ಮುಂಗಾರಿಗೆ ಏಳುವುದಿಲ್ಲ. ಉಬ್ಬಿದ, ಒಡೆದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬೇಡಿ, ಒಲೆಗಂತೂ ಬೇಡವೇ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆಯದನ್ನು ವಾಪಸು ಸೇರಿಸಿಕೊಳ್ಳುವ ಹೊಣೆ ತಯಾರಿಸುವ ಕಂಪನಿಯವರದೇ. ಹೊಸದು ತರಲು ಹೋದಾಗ ಹಳೆಯದನ್ನೂ ಕೈಚೀಲದಲ್ಲಿ ಒಯ್ಯಿರಿ.